ಮಲೆನಾಡಿನ ಮನೆಯಲ್ಲಿ ಹಾಡು ಕೂಡಿಡುವುದು ಹೇಗೆ

ಆಷಾಢದ ರಾತ್ರಿ. ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿಲ್ಲ. ಒಂಬತ್ತು ಗಂಟೆಗೆ ಇನ್ವರ್ಟರ್ ಕೂಡ ಕೈಕೊಟ್ಟಿತು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಇದೇನು ಹೊಸದಲ್ಲ. ಇಂಥ ಹೊತ್ತಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳಬೇಕು ಅನ್ನಿಸಿದರೆ ಯಾವ ಆ್ಯಪೂ ಕೆಲಸಕ್ಕೆ ಬರುವುದಿಲ್ಲ. ಹಾಡು ಮನೆಯಲ್ಲೇ ಇರಬೇಕು.

ನಾನು ಹಾಡು ಕೂಡಿಡಲು ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಮನೆಯಲ್ಲಿ 640 ಕ್ಯಾಸೆಟ್ ಇವೆ. 300 ಸಿ.ಡಿ., 90 ಎಲ್‌ಪಿ, ಒಂದು ಟ್ರಂಕಿನಷ್ಟು ಹಳೆಯ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಗಳಿವೆ. ಎಲ್ಲದರ ನಕಲು ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿದೆ. ಇಷ್ಟು ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಸಿಗುವ ಹಾಡು ನಾಳೆಯೂ ಸಿಗುತ್ತದೆ. ನಿಮ್ಮ ಮನೆಯಲ್ಲಿ ಮಾತ್ರ ಇರುವ ಹಾಡಿಗೆ ಮೊದಲು ಕೈ ಹಾಕಿ.

ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೂ ಬೇಸಾಯದ ಹಾಗೆ ಒಂದು ಕಾಲ ಇದೆ. ಸಂಕ್ರಾಂತಿಯಿಂದ ಯುಗಾದಿವರೆಗೆ ಗಾಳಿ ಒಣಗಿರುತ್ತದೆ. ಕ್ಯಾಸೆಟ್ ಬಿಚ್ಚುವುದು, ತಟ್ಟೆ ತೊಳೆಯುವುದು, ಕಂಪ್ಯೂಟರಿಗೆ ಇಳಿಸುವುದು ಎಲ್ಲ ಆಗಲೇ ಆಗಬೇಕು. ಮೇ ಮುಗಿಯುವುದರೊಳಗೆ ಎಲ್ಲವೂ ಡಬ್ಬಿ ಸೇರಿರಬೇಕು. ಹಾಡಿಗೆ ಹೆಸರು ಬರೆಯುವುದು, ಕೂತು ಕೇಳುವುದು ಮಳೆಗಾಲದ ಕೆಲಸ. ಅಡಿಕೆ ಸುಲಿತದ ರಾತ್ರಿಗಳು ಬಂದಾಗ ಮನೆಯವರ ದನಿ ಹಿಡಿಯಬೇಕು.

ಮೊದಲು ನಿಮ್ಮ ಕಿವಿಯನ್ನು ಕೇಳಿ

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ತಿಂಗಳು ದಿನಕ್ಕೊಂದು ಹಾಡು ಕೇಳಿ. ಬೇರೆ ಕೆಲಸ ಮಾಡುತ್ತ ಅಲ್ಲ, ಸುಮ್ನೆ ಕೂತು. ಆಮೇಲೆ ಮೂರು ಸಾಲು ಬರೆಯಿರಿ: ಏನು ಕೇಳಿದೆ, ಎಲ್ಲಿ ಮನಸ್ಸು ನಿಂತಿತು, ಮತ್ತೆ ಕೇಳಬೇಕು ಅನ್ನಿಸಿತಾ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆಯಬೇಡಿ. ಅದರಿಂದ ಏನೂ ತಿಳಿಯುವುದಿಲ್ಲ.

ನಾನು ಹೀಗೆ ಬರೆಯುವವರೆಗೆ ನನಗಿಷ್ಟ ಸಿನಿಮಾ ಹಾಡು ಅಂತಲೇ ಅಂದುಕೊಂಡಿದ್ದೆ. ತಿಂಗಳಾದ ಮೇಲೆ ಪುಸ್ತಕ ತಿರುವಿ ನೋಡಿದೆ. ಮತ್ತೆ ಕೇಳಬೇಕು ಅನ್ನಿಸಿದ್ದರಲ್ಲಿ ಹೆಚ್ಚಿನವು ವಾದ್ಯ ಕಡಿಮೆ, ದನಿ ಜಾಸ್ತಿ ಇದ್ದ ಹಾಡುಗಳು. ಒಂದು ತಂಬೂರಿ, ಒಂದು ತಬಲಾ, ಬಾಕಿ ಎಲ್ಲ ಗಂಟಲು. ಅದು ಗೊತ್ತಾದ ಮೇಲೆ ಏನನ್ನು ಹುಡುಕಬೇಕು ಎಂಬುದು ತಾನಾಗಿ ಗೊತ್ತಾಯಿತು.

ರುಚಿ ಬೆಳೆಸಲು ನನಗೆ ಫಲ ಕೊಟ್ಟ ದಾರಿ ಇದು: ಒಂದೇ ಸಾಹಿತ್ಯವನ್ನು ಬೇರೆ ಬೇರೆ ದನಿಯಲ್ಲಿ ಕೇಳುವುದು. ಅಕ್ಕಮಹಾದೇವಿ ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಅಲ್ಲಮ ಅದೇ ತಾಲ್ಲೂಕಿನ ಬಳ್ಳಿಗಾವಿಯವನು. ಅವರ ವಚನಗಳನ್ನು ಮನ್ಸೂರರು ಹಾಡಿದ್ದಾರೆ, ಬಸವರಾಜ ರಾಜಗುರು ಹಾಡಿದ್ದಾರೆ, ಸುಗಮ ಸಂಗೀತದವರೂ ಹಾಡಿದ್ದಾರೆ. ಒಂದು ವಚನ ಹಿಡಿದು ಮೂರು ದಿನ ಮೂವರ ಬಾಯಲ್ಲಿ ಕೇಳಿ. ಮೊದಲ ದಿನ ಮಾತು ಕೇಳಿಸುತ್ತದೆ. ಎರಡನೆಯ ದಿನ ರಾಗ ಕೇಳಿಸುತ್ತದೆ. ಮೂರನೆಯ ದಿನ ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಕೇಳಿಸುತ್ತದೆ. ಆಗ ಯಾರ ದನಿ ನಿಮ್ಮದು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ಒಂದೊಂದೇ ಎಳೆ ಹಿಡಿದು ಹೋಗಿ. ಭಾವಗೀತೆ ಹಿಡಿಸಿದರೆ ಕುಪ್ಪಳಿಯ ಕುವೆಂಪು ಇದ್ದಾರೆ, ಈಸೂರಿನಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪ ಇದ್ದಾರೆ. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಕಿದ ರಾಗಗಳಿವೆ. ಯಕ್ಷಗಾನ ಹಿಡಿಸಿದರೆ ಕಾಳಿಂಗ ನಾವಡರ ಭಾಗವತಿಕೆ ಕೇಳಿ. 1958ರಲ್ಲಿ ಹುಟ್ಟಿ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡವರು. ಮೂವತ್ತೆರಡು ತುಂಬುವ ಮುಂಚೆಯೇ ಹೋದರು. ಮಲೆನಾಡಿನ ಮನೆಗಳಲ್ಲಿ ಅವರ ಕ್ಯಾಸೆಟ್ ಇನ್ನೂ ಸಿಗುತ್ತದೆ. ಕಥೆ ಕೇಳುವ ಮನಸ್ಸಿದ್ದರೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಹುಡುಕಿ. ಶಿವಮೊಗ್ಗದ ಮಗ್ಗುಲಲ್ಲೇ ತುಂಗೆಯ ದಡದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರು ಅದಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಪಡೆದವರು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಓದಿ ಅರ್ಥವಾಗದವರಿಗೆ ಗಮಕ ಕೇಳಿದರೆ ಅರ್ಥವಾಗುತ್ತದೆ. ರಂಗಗೀತೆ ಬೇಕಾದರೆ ಬಿ.ವಿ. ಕಾರಂತರಿಂದ ಶುರು ಮಾಡಿ. ಹೆಗ್ಗೋಡಿನ ನೀನಾಸಮ್ ನಾಟಕ ನೋಡಿ ಬೆಳೆದವರಿಗೆ ಈ ಹಾಡುಗಳನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಅಲ್ವಾ?

ಒಂದು ಕೆಲಸ ಮಾತ್ರ ಮಾಡಬೇಡಿ. ಗೆಳೆಯರ ಹಾರ್ಡ್ ಡಿಸ್ಕಿನಿಂದ ಸಾವಿರಗಟ್ಟಲೆ ಹಾಡು ಒಂದೇ ರಾತ್ರಿ ಕಾಪಿ ಮಾಡಿಕೊಳ್ಳಬೇಡಿ. ನಾನು ಮೊದಲ ವರ್ಷ ಅದನ್ನೇ ಮಾಡಿದೆ. ಒಂದು ಹಾಡು ಹುಡುಕಲು ಅರ್ಧ ಗಂಟೆ ಬೇಕಾಗುತ್ತಿತ್ತು. ಸಿಕ್ಕಿದ ಮೇಲೆ ಕೇಳುವ ಮನಸ್ಸೇ ಇರುತ್ತಿರಲಿಲ್ಲ. ಕೊನೆಗೆ ಎಲ್ಲ ಅಳಿಸಿ ಒಂದರಿಂದ ಶುರು ಮಾಡಿದೆ. ದೊಡ್ಡ ಸಂಗ್ರಹ ಬೇಕು ಅನ್ನುವವರೂ ಒಂದೊಂದೇ ಹಾಡು ಕೇಳಿ ಒಳಗೆ ಬಿಟ್ಟುಕೊಳ್ಳಿ. ವಾರಕ್ಕೆ ನಾಲ್ಕು ಆಲ್ಬಂ ಅಂದರೆ ವರ್ಷಕ್ಕೆ 200 ಆಗುತ್ತದೆ. ಹತ್ತು ವರ್ಷಕ್ಕೆ 2000. ಕಡಿಮೆಯೇನಲ್ಲ.

ಅಟ್ಟ ಹತ್ತಿ, ಟ್ರಂಕು ಇಳಿಸಿ

ಮನೆಯಲ್ಲಿರುವ ಎಲ್ಲ ಕ್ಯಾಸೆಟ್, ಸಿ.ಡಿ., ತಟ್ಟೆಗಳನ್ನು ಜಗಲಿಯಲ್ಲಿ ಪೇಪರು ಹಾಸಿ ಹರಡಿ. ಮೂರು ಗುಂಪು ಮಾಡಿ. ಅಂಗಡಿಯಲ್ಲಿ ಕೊಂಡದ್ದು ಒಂದು ಗುಂಪು. ಮನೆಯಲ್ಲೇ ರೆಕಾರ್ಡ್ ಮಾಡಿದ್ದು ಇನ್ನೊಂದು: ಮದುವೆ, ಉಪನಯನ, ಭಜನೆ, ಊರ ಮೇಳದ ಆಟ, ರೇಡಿಯೋದಿಂದ ಹಿಡಿದದ್ದು. ಏನೆಂದು ಗೊತ್ತಿಲ್ಲದ್ದು, ಚೀಟಿ ಉದುರಿಹೋದದ್ದು ಮೂರನೆಯದು. ಎರಡು ಮತ್ತು ಮೂರನೆಯ ಗುಂಪಿನ ಕೆಲಸ ಮೊದಲು. ಮೊದಲ ಗುಂಪು ಎಷ್ಟು ಅಮೂಲ್ಯ ಅನ್ನಿಸಿದರೂ ಕಾಯಲಿ.

ಗುಂಪು ಮಾಡಿದ ಕೂಡಲೇ ಇನ್ನೊಂದು ಕೆಲಸ ಮಾಡಿ. ಕ್ಯಾಸೆಟ್ಟಿನ ಬೆನ್ನಿನಲ್ಲಿ, ಎರಡು ಮೂಲೆಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಮುರಿದುಬಿಡಿ. ಕಿವಿ ಮುರಿದ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 1988ರಲ್ಲಿ ನಮ್ಮ ಅಕ್ಕನ ಮದುವೆಯ ಹಿಂದಿನ ರಾತ್ರಿ ಅಪ್ಪಯ್ಯ ಟೇಪ್ ರೆಕಾರ್ಡರ್ ಹಚ್ಚಿಟ್ಟಿದ್ದರು. ಅಮ್ಮ, ದೊಡ್ಡಮ್ಮ, ಊರಿನ ನಾಲ್ಕೈದು ಹೆಂಗಸರು ಸೇರಿ ಹಸೆ ಹಾಡು ಹೇಳಿದ್ದರು. 60 ನಿಮಿಷದ ಕ್ಯಾಸೆಟ್, ಎರಡೂ ಬದಿ ತುಂಬ. ಕೆಲವು ವರ್ಷದ ಮೇಲೆ ಮನೆಯ ಹುಡುಗರು ಖಾಲಿ ಕ್ಯಾಸೆಟ್ ಅಂದುಕೊಂಡು ಅದರ ಮೇಲೆ ಸಿನಿಮಾ ಹಾಡು ತುಂಬಿಸಿದರು. ಈಗ ಆ ಕ್ಯಾಸೆಟ್ ಹಾಕಿದರೆ ಸಿನಿಮಾ ಹಾಡು ಮುಗಿದ ಮೇಲೆ, ಎರಡನೆಯ ಬದಿಯ ಕೊನೆಯಲ್ಲಿ, ಅಮ್ಮನ ದನಿ ಹತ್ತು ಹನ್ನೆರಡು ಸೆಕೆಂಡು ಬರುತ್ತದೆ. ಅರ್ಧ ಸಾಲು. ಆಮೇಲೆ ಟೇಪು ಮುಗಿಯುತ್ತದೆ. ಅಮ್ಮ ಈಗ ಇಲ್ಲ. ಆ ಎರಡು ಕಿವಿ ಮುರಿದಿದ್ದರೆ ಇಡೀ ಒಂದು ಗಂಟೆ ಉಳಿಯುತ್ತಿತ್ತು.

ಬೂಷ್ಟು: ನಮ್ಮ ದೊಡ್ಡ ಶತ್ರು

ಬಯಲುಸೀಮೆಯವರಿಗೆ ಧೂಳು ಹೇಗೋ ನಮಗೆ ಬೂಷ್ಟು ಹಾಗೆ. ಗಾಳಿಯಲ್ಲಿ ತೇವ ನೂರಕ್ಕೆ 65-70 ದಾಟಿದರೆ ಬೂಷ್ಟು ಹುಟ್ಟುತ್ತದೆ. ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜುಲೈನಲ್ಲಿ ನಮ್ಮ ಮನೆಯ ಒಳಗೇ ಅದು 90 ತೋರಿಸುತ್ತದೆ. ಚಪ್ಪಲಿ, ಬೆಲ್ಟು, ಚಾಪೆ ಎಲ್ಲ ಬಿಳಿಯಾಗುವ ಮನೆಯಲ್ಲಿ ಕ್ಯಾಸೆಟ್ ಮಾತ್ರ ಹೇಗೆ ಉಳಿದೀತು?

ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನಡುವಿನ ಕಿಟಕಿಯಲ್ಲಿ ನೋಡಿ. ಸುತ್ತಿದ ಟೇಪು ಕಂದು ಬಣ್ಣದಲ್ಲಿ ನಯವಾಗಿ ಹೊಳೆಯಬೇಕು. ಬಿಳಿ ಚುಕ್ಕೆ, ಹತ್ತಿಯಂಥ ಎಳೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಅಪ್ಪಿತಪ್ಪಿಯೂ ಟೇಪ್ ರೆಕಾರ್ಡರಿಗೆ ಹಾಕಬೇಡಿ. ಟೇಪನ್ನು ಓದುವ ಹೆಡ್ಡಿಗೆ ಬೂಷ್ಟು ಮೆತ್ತುತ್ತದೆ. ಅಲ್ಲಿಂದ ಮುಂದೆ ಹಾಕುವ ಪ್ರತಿಯೊಂದು ಕ್ಯಾಸೆಟ್ಟಿಗೂ ಹರಡುತ್ತದೆ. ಬೂಷ್ಟು ಹಿಡಿದದ್ದನ್ನು ಕೂಡಲೇ ಬೇರೆ ಚೀಲಕ್ಕೆ ಹಾಕಿ ಕಟ್ಟಿಡಿ.

ಸ್ವಚ್ಛ ಮಾಡುವುದಕ್ಕೆ ಫೆಬ್ರವರಿಯ ಒಂದು ಬೆಳಗ್ಗೆ, ಇಬ್ಬನಿ ಆರಿದ ಮೇಲೆ ಕೂರಿ. ಮನೆಯೊಳಗೆ ಬೇಡ, ಅಂಗಳದಲ್ಲಿ, ನೆರಳಿನಲ್ಲಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಬೂಷ್ಟು ಎದೆಗೆ ಒಳ್ಳೆಯದಲ್ಲ. ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಐದು ಸಣ್ಣ ಸ್ಕ್ರೂ ಇರುತ್ತವೆ. ಬಿಚ್ಚಿ ಮೇಲಿನ ಹೋಳನ್ನು ನಿಧಾನಕ್ಕೆ ಎತ್ತಿ. ಎತ್ತುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಎತ್ತಿದ ಮೇಲೆ ಇನ್ನೊಂದು. ಟೇಪು ಯಾವ ಉರುಳೆಯ ಯಾವ ಕಡೆಯಿಂದ ಹೋಗುತ್ತದೆ ಎಂಬುದು ಆಮೇಲೆ ಖಂಡಿತ ಮರೆತುಹೋಗುತ್ತದೆ.

ಒಳಗೆ ಎರಡು ಚಕ್ರ, ಎರಡು ತೆಳು ಹಾಳೆ, ಮೂಲೆಯಲ್ಲಿ ಎರಡು ಸಣ್ಣ ಉರುಳೆ. ಟೇಪಿನ ಹಿಂದೆ ತಾಮ್ರದ ಬಣ್ಣದ ಪಟ್ಟಿಯ ಮೇಲೆ ಒಂದು ಚೂರು ಫೆಲ್ಟ್ ಬಟ್ಟೆ. ಇದರ ಅಂಟು ಬಿಟ್ಟು ಬಿದ್ದುಹೋಗಿದ್ದರೆ ಹಾಡು ಮಂಕಾಗಿ, ಬಂದು ಹೋಗಿ ಕೇಳಿಸುತ್ತದೆ. ಬೇಡದ ಕ್ಯಾಸೆಟ್ಟಿನಿಂದ ತೆಗೆದು ಹಾಕಿದರೆ ಸರಿಹೋಗುತ್ತದೆ. ಬೇಡದ ಒಳ್ಳೆಯ ಕ್ಯಾಸೆಟ್ ಹತ್ತಾದರೂ ಇಟ್ಟುಕೊಂಡಿರಿ, ಬಿಡಿಭಾಗಕ್ಕೆ ಬೇಕು. ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ಟೂ ಇರುತ್ತವೆ. ಅದರ ಸಂದಿಯಲ್ಲಿ ತೆಳು ಬ್ಲೇಡು ತೂರಿಸಿ ಬಿಡಿಸಬೇಕು. ಟೇಪನ್ನು ಸ್ಕ್ರೂ ಇರುವ ಇನ್ನೊಂದು ಕವಚಕ್ಕೆ ವರ್ಗಾಯಿಸಿ.

ಟೇಪಿನ ಸುರುಳಿಯ ಮೇಲ್ಮೈಯನ್ನು ಮೆತ್ತನೆ ಒಣ ಬ್ರಷ್ಷಿನಿಂದ ತಟ್ಟಿ. ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ. ಕವಚವನ್ನು ಬೇರೆಯಾಗಿ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮತ್ತೆ ಜೋಡಿಸಿ, ಬಾಯಿಯಲ್ಲಿ ಕಾಣುವ ಟೇಪನ್ನು ನೂಲು ಬಿಡದ ಒಣ ಬಟ್ಟೆಯ ಮಡಿಕೆಯಲ್ಲಿ ಹಗುರವಾಗಿ ಹಿಡಿಯಿರಿ. ಇನ್ನೊಬ್ಬರು ಪೆನ್ಸಿಲ್ ಹಾಕಿ ಚಕ್ರ ತಿರುಗಿಸಲಿ. ಬಟ್ಟೆಯ ಮೇಲೆ ಬಿಳಿ, ಬೂದು ಗೆರೆ ಬೀಳುತ್ತ ಹೋಗುತ್ತದೆ. ಗೆರೆ ಬೀಳುವುದು ನಿಲ್ಲುವವರೆಗೆ ಬಟ್ಟೆಯ ಜಾಗ ಬದಲಿಸುತ್ತ ಹೋಗಿ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು ಇರುತ್ತದೆ. ಕೈ ನೋಯುತ್ತದೆ, ಹೊತ್ತು ಹಿಡಿಯುತ್ತದೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಲು ಹೋಗಬೇಡಿ. ಅವಸರದಲ್ಲಿ ಎಳೆದರೆ ಟೇಪು ಸುಕ್ಕಾಗುತ್ತದೆ, ಸುಕ್ಕು ಮತ್ತೆ ಹೋಗುವುದಿಲ್ಲ.

ಸ್ವಚ್ಛವಾದ ಕ್ಯಾಸೆಟ್ಟನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಬೀಜಕ್ಕೆ ಒಳ್ಳೆಯದು. ಆದರೆ ಟೇಪಿಗೆ ಹೊಗೆಯೂ ಆಗದು, ಬಿಸಿಯೂ ಆಗದು. ರಬ್ಬರ್ ಅಂಚಿನ ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಪ್ರತಿ ಡಬ್ಬಿಯಲ್ಲೂ ಬಟ್ಟೆ ಚೀಲದಲ್ಲಿ ಕಟ್ಟಿದ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಯಿಸುವ ಜೆಲ್ಲೇ ತೆಗೆದುಕೊಳ್ಳಿ. ನೀಲಿ ಬಣ್ಣದ್ದು ತೇವ ಕುಡಿದರೆ ಗುಲಾಬಿಯಾಗುತ್ತದೆ. ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಬಣ್ಣ ಬದಲಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ. ಡಬ್ಬಿಯೊಳಗೆ ಒಂದು ತೇವದ ಮೀಟರು ಇಟ್ಟು ಅಂಕಿ 50ರ ಕೆಳಗೆ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಕ್ಯಾಸೆಟ್ಟುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ. ಸ್ಪೀಕರ್ ಹತ್ತಿರ ಬೇಡ, ಅದರಲ್ಲಿ ಅಯಸ್ಕಾಂತ ಇದೆ.

ಟೇಪಿನಿಂದ ಕಂಪ್ಯೂಟರಿಗೆ

ಮನೆಯಲ್ಲಿ ಹಳೆಯ ಟೇಪ್ ರೆಕಾರ್ಡರ್ ಇದ್ದರೆ ಮೊದಲು ಅದನ್ನು ರಿಪೇರಿಯವರಿಗೆ ತೋರಿಸಿ ಬೆಲ್ಟು ಬದಲಾಯಿಸಿ. ರಬ್ಬರ್ ಬೆಲ್ಟು ಸಡಿಲವಾದರೆ ಹಾಡು ಅಲೆ ಅಲೆಯಾಗಿ ಕೇಳಿಸುತ್ತದೆ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್‌ಬಡ್ಡಿನಿಂದ ಒರೆಸಿ. ಪಕ್ಕದ ರಬ್ಬರ್ ಗಾಲಿಗೆ ಆಲ್ಕೋಹಾಲ್ ಬೇಡ, ಒದ್ದೆ ಬಟ್ಟೆ ಸಾಕು. ಐದು ಕ್ಯಾಸೆಟ್ಟಿಗೊಮ್ಮೆ ಇದನ್ನು ಮಾಡಿ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರವಾಗಿ ವೈರು ಚುಚ್ಚಬೇಡಿ. ಅದು ಮೈಕಿನ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಟೇಪಿನ ಸದ್ದು ಒಡೆದು ಹೋಗುತ್ತದೆ. ಲೈನ್-ಇನ್ (ಟೇಪಿನಂಥ ದೊಡ್ಡ ಸಿಗ್ನಲ್ಲಿಗೆ ಮಾಡಿದ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ರೆಕಾರ್ಡ್ ಮಾಡಲು ಅಡಾಸಿಟಿ ಎಂಬ ತಂತ್ರಾಂಶ ಇದೆ, ದುಡ್ಡು ಕೊಡಬೇಕಾಗಿಲ್ಲ.

ಕ್ಯಾಸೆಟ್ಟನ್ನು ಹಾಕಿದ ಕೂಡಲೇ ಒಮ್ಮೆ ಕೊನೆವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಸುರುಳಿ ಇದರಿಂದ ಸಡಿಲವಾಗುತ್ತದೆ. ಆಮೇಲೆ ಐದು ನಿಮಿಷ ಕೇಳಿ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿದರೆ ತಾಳದ ಸದ್ದು, ಸಕಾರದ ಸದ್ದು ಒಮ್ಮೆ ಮಂಕಾಗಿ ಒಮ್ಮೆ ಚುರುಕಾಗಿ ಕೇಳಿಸುತ್ತದೆ. ಅತಿ ಚುರುಕಾದ ಜಾಗದಲ್ಲಿ ನಿಲ್ಲಿಸಿ. ಒಬ್ಬೊಬ್ಬರ ರೆಕಾರ್ಡರಿನಲ್ಲಿ ತುಂಬಿಸಿದ ಕ್ಯಾಸೆಟ್ಟಿಗೂ ಈ ಜಾಗ ಬೇರೆ. ಮಂಕಾದ ಕ್ಯಾಸೆಟ್ ಹಾಳಾಗಿದೆ ಅಂತ ಎಷ್ಟೋ ಮಂದಿ ಬಿಸಾಕುತ್ತಾರೆ. ಅರ್ಧ ಸುತ್ತೂ ಇಲ್ಲದ ಈ ಒಂದು ತಿರುವಿನಿಂದ ಅದು ಜೀವ ಪಡೆಯುತ್ತದೆ. ನಾನು ಇದನ್ನು ತಿಳಿಯುವ ಮುಂಚೆ ಇಳಿಸಿದ ನೂರು ಕ್ಯಾಸೆಟ್ಟುಗಳನ್ನು ಮತ್ತೆ ಮೊದಲಿಂದ ಇಳಿಸಿದೆ.

ಸದ್ದಿನ ಮಟ್ಟ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ಮೀರದ ಹಾಗೆ ಇಟ್ಟುಕೊಳ್ಳಿ. ಒಂದೊಂದು ಬದಿಯನ್ನೂ ಪೂರ್ತಿ ಒಂದೇ ಫೈಲಾಗಿ ಹಿಡಿಯಿರಿ, ಕತ್ತರಿಸುವುದು ಆಮೇಲೆ. 'ಶ್' ಸದ್ದು ತೆಗೆಯುವ ಸೌಲಭ್ಯ ತಂತ್ರಾಂಶದಲ್ಲಿದೆ. ಅದನ್ನು ಮೂಲ ಫೈಲಿನ ಮೇಲೆ ಎಂದೂ ಬಳಸಬೇಡಿ. ಸದ್ದಿನ ಜೊತೆ ತಂಬೂರಿಯ ನಾದವೂ ಹೋಗುತ್ತದೆ. ಮೂಲ ಹಾಗೇ ಇರಲಿ, ಬೇಕಿದ್ದರೆ ಇನ್ನೊಂದು ನಕಲಿನಲ್ಲಿ ಮಾಡಿ ನೋಡಿ.

ಯಾವ ರೂಪದಲ್ಲಿ ಇಡಬೇಕು? ನನ್ನ ಉತ್ತರ ಫ್ಲ್ಯಾಕ್. ಸಿ.ಡಿ. ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಫ್ಲ್ಯಾಕ್ ಅದರ ಅರ್ಧದಷ್ಟಾಗುತ್ತದೆ, ಸದ್ದಿನಲ್ಲಿ ಒಂದು ಚೂರೂ ಕಳೆಯುವುದಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ 300 ಎಂಬಿ ಹಿಡಿಯಿರಿ. 1 ಟಿಬಿ ಡಿಸ್ಕಿನಲ್ಲಿ ಇಂಥ ಮೂರು ಸಾವಿರ ಹಿಡಿಸುತ್ತವೆ. ಎಂಪಿ3 ಫೋನಿಗೆ, ಕಾರಿಗೆ ಸಾಕು. ಆದರೆ ಒಮ್ಮೆ ಎಂಪಿ3 ಮಾಡಿದರೆ ಕಳೆದದ್ದು ವಾಪಸ್ ಬರುವುದಿಲ್ಲ. ಎಷ್ಟೋ ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಹದಿನೈದು ಕ್ಯಾಸೆಟ್ ಕೊಟ್ಟು ಸಿ.ಡಿ. ಮಾಡಿಸಿದ್ದೆ. ಎಲ್ಲವನ್ನೂ ತೀರ ಕಡಿಮೆ ಗುಣಮಟ್ಟದ ಎಂಪಿ3 ಮಾಡಿ ಕೊಟ್ಟಿದ್ದರು. ಎರಡು ಕ್ಯಾಸೆಟ್ ವಾಪಸ್ ಬರಲೇ ಇಲ್ಲ. ಮನೆಯ ದನಿ ಇರುವ ಕ್ಯಾಸೆಟ್ಟನ್ನು ಕೈಯಿಂದ ಬಿಡಬೇಡಿ. ನೀವೇ ಮಾಡಿ.

ಸಿ.ಡಿ., ತಟ್ಟೆ, ಹೊಸದಾಗಿ ಕೊಳ್ಳುವುದು

ಸಿ.ಡಿ. ಸುಲಭ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶದಿಂದ ಫ್ಲ್ಯಾಕ್ ಮಾಡಿಕೊಳ್ಳಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ಒರೆಸಬೇಡಿ. ಮನೆಯಲ್ಲಿ ಬರ್ನ್ ಮಾಡಿದ ಸಿ.ಡಿ. ಇದ್ದರೆ ಅದನ್ನು ಈ ವಾರವೇ ಇಳಿಸಿಕೊಳ್ಳಿ, ಅಂಗಡಿಯ ಸಿ.ಡಿ.ಗಿಂತ ಬೇಗ ಸಾಯುತ್ತದೆ.

ಎಲ್‌ಪಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. 78ರ ತಟ್ಟೆ ಅರಗಿನದು. ಅದಕ್ಕೆ ಆಲ್ಕೋಹಾಲ್ ತಾಗಿಸಿದರೆ ಮೇಲ್ಮೈ ಕರಗುತ್ತದೆ. ಎಲ್‌ಪಿಯ ಮುಳ್ಳೂ ಅದಕ್ಕೆ ಆಗದು, ಅಗಲ ಗೀರಿನ ಅದಕ್ಕೆ ಬೇರೆಯೇ ಮುಳ್ಳು ಬೇಕು.

ಕೊಳ್ಳಲು ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಕೇಳಿಡಿ. ಮನೆ ಖಾಲಿ ಮಾಡುವ ನೆಂಟರಿಷ್ಟರಿಗೆ ಹೇಳಿಡಿ. ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳ ಸಿ.ಡಿ. ಕಂಡರೆ ಬಿಡಬೇಡಿ. ಕಾನೂನಿನ ಮಾತೂ ಒಂದಿದೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ. ದುಡ್ಡು ಕೊಟ್ಟು ಕೊಂಡದ್ದನ್ನು ಮನೆಯಲ್ಲಿ ಕೇಳಲು ಇಳಿಸಿಕೊಳ್ಳುವುದು ಬೇರೆ, ಹತ್ತು ಮಂದಿಗೆ ಹಂಚುವುದು ಬೇರೆ. ಹಾಡಿದವರ ಅನ್ನಕ್ಕೆ ಕೈ ಹಾಕುವುದು ಬೇಡ.

ಮನೆಯವರ ದನಿ

ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಮೇಲಿನದೆಲ್ಲ ಬಿಟ್ಟು ಇದರಿಂದ ಶುರು ಮಾಡಿ. ಟೇಪು ಇನ್ನೊಂದು ವರ್ಷ ಕಾದೀತು.

ಅಮ್ಮನ ಕ್ಯಾಸೆಟ್ ಹೋದ ಮೇಲೆ ಉಳಿದದ್ದು ದೊಡ್ಡಮ್ಮ. ನಾನು ಫೋನು ಹಿಡಿದು ಎದುರು ಕೂತೆ. "ಎಂತಕ್ಕೆ ಮಾರಾಯ, ನಮ್ಮದೆಂತ ಹಾಡು, ಯಾರು ಕೇಳ್ತಾರೆ" ಅಂದರು. ಒತ್ತಾಯ ಮಾಡಿದಾಗ ಎರಡು ಸಾಲು ಹೇಳಿ ಮರೆತುಹೋಯಿತು ಅಂದರು. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಅಡಿಕೆ ಸುಲಿತದ ಹೊತ್ತಿಗೆ ಹೋದೆ. ರಾತ್ರಿ ಎಂಟು ಗಂಟೆ. ದೊಡ್ಡಮ್ಮ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ನಾನು ಹಾಡಿನ ಸುದ್ದಿಯೇ ಎತ್ತಲಿಲ್ಲ. ಪಕ್ಕದಲ್ಲಿ ಕೂತು ನಾನೂ ಕತ್ತಿ ಎಳೆದುಕೊಂಡೆ. ಅರ್ಧ ಬುಟ್ಟಿ ಆಗುವಷ್ಟರಲ್ಲಿ ಅವರಷ್ಟಕ್ಕೆ ಅವರು ಗುನುಗಲು ಶುರು ಮಾಡಿದರು. "ಈಗ ರೆಕಾರ್ಡ್ ಮಾಡ್ಲಾ ದೊಡ್ಡಮ್ಮಾ?" ಅಂದೆ. "ಮಾಡು, ಆದ್ರೆ ಕೈ ನಿಲ್ಸಕ್ಕಾಗಲ್ಲ" ಅಂದರು. ಅಡಿಕೆ ಸಿಪ್ಪೆ ಬಿಡುವ ಟಕ್ ಟಕ್ ಸದ್ದೇ ತಾಳ. ಮೂವತ್ತೊಂದು ಪದ್ಯದ ಹಾಡು, ಒಂದು ಕಡೆಯೂ ತಡವರಿಸಲಿಲ್ಲ. ಆ ಹಾಡು ನೆನಪಿದ್ದದ್ದು ಅವರ ಕೈಯಲ್ಲಿ.

ಹಾಗಾಗಿ ಹಿರಿಯರನ್ನು ಕುರ್ಚಿಯ ಮೇಲೆ ಕೂರಿಸಿ ಹಾಡಿ ಅನ್ನಬೇಡಿ. ಹೂ ಕಟ್ಟಲು, ಬತ್ತಿ ಹೊಸೆಯಲು, ಅಕ್ಕಿ ಆರಿಸಲು ಕೊಡಿ. ಕೇಳಿ, ಒಪ್ಪಿಗೆ ಪಡೆದು ರೆಕಾರ್ಡ್ ಹಚ್ಚಿ. ಕದ್ದು ಮಾಡಬೇಡಿ.

ಫೋನು ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ. ರೆಕಾರ್ಡರ್ ಆ್ಯಪಿನಲ್ಲಿ ವೇವ್ ಇದ್ದರೆ ಅದು, ಇಲ್ಲದಿದ್ದರೆ ಅತಿ ಹೆಚ್ಚಿನ ಗುಣಮಟ್ಟ ಆರಿಸಿ. ಹಾಡುವವರಿಂದ ಎರಡು ಅಡಿ ದೂರದಲ್ಲಿ, ಮಡಿಸಿದ ಟವೆಲ್ಲಿನ ಮೇಲೆ ಇಡಿ. ನೆಲಕ್ಕೆ ನೇರ ಇಟ್ಟರೆ ಓಡಾಟದ ಸದ್ದೆಲ್ಲ ಬರುತ್ತದೆ. ಫ್ಯಾನು, ಫ್ರಿಜ್ಜು ಆಫ್ ಮಾಡಿ. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ಪ್ರಯತ್ನವೇ ಬೇಡ. ಶುರುವಿನಲ್ಲಿ ನೀವೇ ತಾರೀಕು, ಊರು, ಹಾಡುವವರ ಹೆಸರು ಹೇಳಿ. ಹಾಡು ಮುಗಿದ ಮೇಲೆ ಯಾರಿಂದ ಕಲಿತಿರಿ, ಯಾವಾಗ ಹೇಳುತ್ತಿದ್ದಿರಿ ಅಂತ ಕೇಳಿ, ಅದೂ ರೆಕಾರ್ಡ್ ಆಗಲಿ. ಹಾಡು ಬರೆದಿಟ್ಟ ಹಳೆಯ ನೋಟ್‌ಬುಕ್ ಎಷ್ಟೋ ಮನೆಗಳಲ್ಲಿರುತ್ತದೆ. ಅದರ ಪುಟ ಪುಟವನ್ನೂ ಫೋಟೋ ತೆಗೆದಿಡಿ.

ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಬರುತ್ತಾರಲ್ಲ, ಅವರ ಪದಗಳನ್ನು ಹಿಡಿಯಿರಿ. ಮುಂಚಿನ ದಿನವೇ ಮೇಳದ ಹಿರಿಯರ ಹತ್ತಿರ ಮಾತಾಡಿ. ಜಗಲಿಯ ಮೇಲೆ ಹಾಡುವಾಗ ಒಮ್ಮೆ, ದಾರಿಯಲ್ಲಿ ನಡೆಯುತ್ತ ಹಾಡುವಾಗ ಇನ್ನೊಮ್ಮೆ. ದಾರಿಯ ಹಾಡಿನಲ್ಲಿ ಕತ್ತಲೆಯ ಕೀಟದ ಸದ್ದು, ನಾಯಿ ಬೊಗಳುವುದು ಎಲ್ಲ ಬರುತ್ತದೆ. ಬರಲಿ. ರೆಕಾರ್ಡ್ ಮಾಡಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಅವರಿಗೂ ಒಂದು ಕೊಡಿ.

ಹೆಸರು ಬರೆಯುವುದು

ಹೆಸರಿಲ್ಲದ ಹಾಡು ಇದ್ದೂ ಇಲ್ಲದ ಹಾಗೆ. ಫೈಲಿನ ಒಳಗೇ ಮಾಹಿತಿ ಬರೆಯಲು ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್, ಎಂಪಿ3ಟ್ಯಾಗ್ ಥರದ ತಂತ್ರಾಂಶಗಳಿವೆ. ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಅಶ್ವತ್ಥ್ ಎಂಬ ಒಂದು ಹೆಸರನ್ನು ನಾಲ್ಕು ರೀತಿ ಬರೆಯುತ್ತಾರೆ. ಹುಡುಕಿದರೆ ಒಂದು ಭಾಗ ಮಾತ್ರ ಸಿಗುತ್ತದೆ.

ನಮ್ಮ ಹಾಡಿಗೆ ಗಾಯಕರ ಹೆಸರೊಂದೇ ಸಾಲದು. ಬರೆದವರು, ರಾಗ ಹಾಕಿದವರು, ಹಾಡಿದವರು ಮೂವರೂ ಬೇಕು. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ 'ಕಾಡು ಕುದುರೆ' ಚಿತ್ರದ ಹಾಡನ್ನೇ ನೋಡಿ. ಬರೆದವರೂ ಸಂಗೀತ ಕೊಟ್ಟವರೂ ಚಂದ್ರಶೇಖರ ಕಂಬಾರರೇ. ಎರಡೂ ಕಡೆ ಅವರ ಹೆಸರು ತುಂಬಿ. ಶಾಸ್ತ್ರೀಯ ಸಂಗೀತವಾದರೆ ರಾಗ, ತಾಳ ಬರೆಯಿರಿ. ಯಕ್ಷಗಾನಕ್ಕೆ ಪ್ರಸಂಗ, ಭಾಗವತರು, ಮೇಳ. ಮನೆಯ ರೆಕಾರ್ಡಿಗೆ ಯಾರು, ಎಲ್ಲಿ, ಯಾವಾಗ, ಯಾವ ಸಂದರ್ಭ. ಫೋಲ್ಡರನ್ನು ಮೊದಲು ಪ್ರಕಾರ, ಆಮೇಲೆ ಹಾಡಿದವರು, ಆಮೇಲೆ ಆಲ್ಬಂ ಅಂತ ಮಾಡಿದರೆ ಸಾಕು. ಮಳೆಗಾಲದ ಮಧ್ಯಾಹ್ನ ದಿನಕ್ಕೆ ಎರಡು ಆಲ್ಬಂ ಮಾಡಿ. ಹೆಸರು ಬರೆಯುತ್ತ ಹಾಡೂ ಕೇಳಿದ ಹಾಗಾಗುತ್ತದೆ.

ಫೋನಿನಲ್ಲಿ ಕೇಳಲು ಮ್ಯೂಸಿಕೋಲೆಟ್ ಎಂಬ ಆ್ಯಪ್ ಇದೆ, ಇಂಟರ್‌ನೆಟ್ ಬೇಡ.

ಮೂರು ಕಡೆ ಇಡಿ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಕಡೆ ಸಿಡಿಲಿಗೆ ಟಿವಿ, ಫ್ರಿಜ್ಜು ಸುಟ್ಟುಹೋಗದ ಊರಿಲ್ಲ. ಆಕಾಶ ಕಪ್ಪಾದ ಕೂಡಲೇ ಕಂಪ್ಯೂಟರಿನ ಪ್ಲಗ್ಗು ಕೀಳಿ, ಇಂಟರ್‌ನೆಟ್ಟಿನ ವೈರನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಾರ್ಡ್ ಡಿಸ್ಕ್ ಸಿಕ್ಕಿಸಿಯೇ ಇಡುವ ಅಭ್ಯಾಸ ಬಿಡಿ.

ಎಲ್ಲ ಹಾಡಿನ ನಕಲು ಮೂರು ಇರಲಿ. ಒಂದು ದಿನಾ ಬಳಸುವ ಡಿಸ್ಕು. ಎರಡನೆಯದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ, ಬೀರುವಿನೊಳಗೆ. ಎರಡು ತಿಂಗಳಿಗೊಮ್ಮೆ ತೆಗೆದು ಓಡಿಸಿ, ಹೊಸ ಹಾಡು ಸೇರಿಸಿ. ಮೂರನೆಯದು ಬೇರೆ ಊರಿನಲ್ಲಿರಬೇಕು. ನನ್ನದು ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಚೌತಿಗೆ ಊರಿಗೆ ಬರುವಾಗ ಅವಳು ಅದನ್ನು ಚೀಲದಲ್ಲಿ ತರುತ್ತಾಳೆ. ಹಬ್ಬದ ಎರಡು ದಿನದಲ್ಲಿ ವರ್ಷದ ಹೊಸ ಹಾಡೆಲ್ಲ ತುಂಬಿಸಿ ಕೊಡುತ್ತೇನೆ. ಡಿಸ್ಕಿನ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ತುಂಬಿಸಿದ ತಾರೀಕು ಬರೆಯುತ್ತೇನೆ. ಕಳೆದ ಚೌತಿಗೆ ಹೊರಡುವ ಮುಂಚೆ ಅವಳು ಒಂದು ಫೋಲ್ಡರ್ ತೆಗೆಸಿದಳು. ಅವಳ ಮದುವೆಯ ಕ್ಯಾಸೆಟ್ಟಿನ ಕೊನೆಯ ಹನ್ನೆರಡು ಸೆಕೆಂಡು, ಅದರ ಕೆಳಗೆ ದೊಡ್ಡಮ್ಮ ಹೇಳಿದ ಅದೇ ಹಾಡು, ಮೂವತ್ತೊಂದು ಪದ್ಯ. ಎರಡನ್ನೂ ತನ್ನ ಫೋನಿಗೂ ಹಾಕಿಸಿಕೊಂಡು ಹೋದಳು.